ಕನ್ನಡಿಯ ಮುಂದೆ ಒಂದು ಭಾನುವಾರ, ನಾಲ್ಕು ಹಾಳೆ

ತನ್ನ ಮುಖ ತಾನೇ ಬರೆಯಲು ಕೂತ ದಿನ ಪೆನ್ಸಿಲ್ ಹಿಡಿಯುವುದಕ್ಕಿಂತ ಮೊದಲು ಬೆಳಕನ್ನು ಸರಿಮಾಡಿಕೊಳ್ಳಬೇಕು. ಯುರೋಪಿನ ಕಲಾವಿದರು ಉತ್ತರದ ಕಿಟಕಿಯನ್ನು ನಂಬುತ್ತಾರೆ, ಅವರ ಊರಿಗೆ ಅದು ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರವರೆಗೆ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಬೆಳಗಿನ ಓರೆ ಬಿಸಿಲು ಉತ್ತರದ ಕಿಟಕಿಗೂ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಮೂಗಿನ ನೆರಳು ಜಾಗ ಬದಲಿಸುತ್ತದೆ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿದರೆ ಸಾಕು. ಟ್ಯೂಬ್‌ಲೈಟ್ ಮಾತ್ರ ಆರಿಸಲೇಬೇಕು. ಎರಡು ಕಡೆಯಿಂದ ಬೆಳಕು ಬಿದ್ದರೆ ಮುಖ ಚಪ್ಪಟೆ.

ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡರೆ ಪ್ರತಿ ಗೆರೆಗೂ ತಲೆ ಬಗ್ಗುತ್ತದೆ, ಎತ್ತಿದಾಗ ಮೊದಲಿನ ಜಾಗಕ್ಕೆ ಬರುವುದಿಲ್ಲ. ಕನ್ನಡಿಯ ಪಕ್ಕದಲ್ಲೇ ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಕಣ್ಣು ಮಾತ್ರ ಹೊರಳುತ್ತದೆ. ಮೂಗಿನ ತುದಿ ಕಾಣುವ ಕಡೆ ಕನ್ನಡಿಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ಒಂದು ಕಣ್ಣು ಮುಚ್ಚಿ ಪ್ರತಿ ಸಲವೂ ಮೂಗನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಮೊದಲ ಅಭ್ಯಾಸಕ್ಕೆ ಕಾಗದ ಬೇಡ. ಅದೇ ಒಂದು ಕಣ್ಣು ಮುಚ್ಚಿಕೊಂಡು, ಸಾಬೂನಿನ ಚೂರಿನಿಂದ ಮುಖದ ಅಂಚನ್ನು ಕನ್ನಡಿಯ ಮೇಲೆಯೇ ತಿದ್ದಿ. ಅಳೆದರೆ ತಲೆ ನಿಜವಾದ ಎತ್ತರದ ಅರ್ಧ: 22 ಸೆಂ.ಮೀ. ತಲೆಗೆ 11 ಸೆಂ.ಮೀ. ಹಿಂದೆ ಸರಿದು ಬರೆದರೂ ಅಷ್ಟೇ, ಏಕೆಂದರೆ ಕನ್ನಡಿ ಯಾವಾಗಲೂ ನಮಗೂ ಬಿಂಬಕ್ಕೂ ಸರಿಯಾಗಿ ನಡುವೆ ಇರುತ್ತದೆ. ನೆತ್ತಿಯಿಂದ ಗಲ್ಲದವರೆಗಿನ ಗೆರೆಯಲ್ಲಿ ಕಣ್ಣು ಹೆಚ್ಚುಕಡಿಮೆ ಮಧ್ಯಕ್ಕೆ ಬರುವುದನ್ನೂ ಇಲ್ಲೇ ನೋಡಿಕೊಳ್ಳಿ. ಹಣೆಯಲ್ಲಿ ಬರೆಯಲು ಏನೂ ಇಲ್ಲವೆಂದು ಅದನ್ನು ಕುಗ್ಗಿಸಿ, ಕಣ್ಣನ್ನು ಮೇಲಕ್ಕೆ ತಳ್ಳುವುದು ಎಲ್ಲರ ಮೊದಲ ತಪ್ಪು.

ಮೊದಲ ಹಾಳೆ ಹತ್ತು ನಿಮಿಷದ್ದು. 2ಬಿ ಪೆನ್ಸಿಲ್, ಕಾಗದದ ಕಡೆ ನೋಡುವಂತಿಲ್ಲ, ಕೈ ಎತ್ತುವಂತಿಲ್ಲ. ಕಿವಿಯಿಂದ ಹೊರಟು ಇರುವೆ ಹರಿದಷ್ಟು ನಿಧಾನಕ್ಕೆ ಅಂಚು ಹಿಡಿದು ಸಾಗಬೇಕು. ಮುಖ ವಕ್ರವಾಗಿಯೇ ಬರುತ್ತದೆ, ಬರಲಿ. ಸಮೀಪದೃಷ್ಟಿಯ ಕನ್ನಡಕ ಹಾಕುವವರು ಒಂದನ್ನು ಗಮನಿಸಿ: ಗಾಜಿನೊಳಗೆ ಕಾಣುವ ಕೆನ್ನೆಯ ಅಂಚು ಹೊರಗಿನ ಅಂಚಿಗೆ ಸೇರುವುದಿಲ್ಲ, ಒಳಕ್ಕೆ ಸರಿದು ತುಂಡಾಗಿರುತ್ತದೆ. ನೇರ ಗೆರೆ ಎಳೆದರೆ ಅದು ಬರೀ ಫ್ರೇಮು, ಗಾಜಿಲ್ಲದ್ದು.

ಎರಡನೆಯದು ಇದ್ದಿಲು, ಇದಕ್ಕೇ ಒಂದೂವರೆ ಗಂಟೆ ಕೊಡಬೇಕು. ಎ3 ಅಳತೆಯ, ಸ್ವಲ್ಪ ತರಿತರಿಯಾದ ಕಾರ್ಟ್ರಿಡ್ಜ್ ಎಂಬ ಚಿತ್ರದ ಹಾಳೆ. ಜೆರಾಕ್ಸ್ ಕಾಗದದ ನುಣುಪಿಗೆ ಪುಡಿ ನಿಲ್ಲುವುದಿಲ್ಲ. ಮೆತ್ತನೆಯ ಕಡ್ಡಿ ಇದ್ದಿಲನ್ನು ಅಡ್ಡಡ್ಡ ಉಜ್ಜಿ, ಹಳೆಯ ಬನಿಯನ್ ಬಟ್ಟೆಯಿಂದ ಇಡೀ ಹಾಳೆಯನ್ನು ನಡುಬೂದು ಬಣ್ಣಕ್ಕೆ ತನ್ನಿ. ಬೆರಳು ತಾಗಿಸಬೇಡಿ, ಚರ್ಮದ ಜಿಡ್ಡು ಬಿದ್ದ ಕಡೆಯ ಕಪ್ಪು ಆಮೇಲೆ ಏಳುವುದಿಲ್ಲ. ಈಗ ಗೆರೆಯಿಲ್ಲ, ನಾದುವ ರಬ್ಬರಿನಿಂದ (ಹಿಟ್ಟಿನಂತೆ ಹಿಸುಕಿ ಆಕಾರ ಕೊಡಬಹುದಾದ ಮೆತ್ತನೆಯ ರಬ್ಬರು) ಬೆಳಕನ್ನು ಎತ್ತುವುದಷ್ಟೇ: ಹಣೆ, ಮೂಗಿನ ದಿಂಡು, ಕೆನ್ನೆಯ ಮೇಲ್ಭಾಗ, ಕೆಳತುಟಿ, ಈ ಕ್ರಮದಲ್ಲಿ. ಕಣ್ಣಿನ ಬಿಳಿಯನ್ನು ಪೂರ್ತಿ ಬಿಳಿ ಮಾಡಿದರೆ ನೋಟ ಗಾಬರಿಯಾದಂತೆ ಕಾಣುತ್ತದೆ. ರೆಪ್ಪೆಯ ನೆರಳು ಬೀಳುವುದರಿಂದ ಅದು ಹಣೆಗಿಂತ ಮಬ್ಬು. ಒತ್ತಿ ಮಾಡಿದ ಗಟ್ಟಿ ಚಾರ್ಕೋಲ್ ಸುಲಭಕ್ಕೆ ಅಳಿಯುವುದಿಲ್ಲ, ಮೂಗಿನ ಹೊಳ್ಳೆಗೂ ತುಟಿಗಳ ನಡುವಿನ ಗೆರೆಗೂ ಕೊನೆಯಲ್ಲಿ ಬಂದರೆ ಸಾಕು.

ಊಟದ ನಂತರ ಮೂರನೆಯದು, ಇಂಡಿಯನ್ ಇಂಕ್ ಎಂಬ ಕಪ್ಪು ಶಾಯಿ, ಬ್ರಷ್ಷಿನಿಂದ. ಎರಡು ಬಟ್ಟಲು: ಒಂದು ಪಾಲು ಶಾಯಿಗೆ ಹತ್ತು ಪಾಲು ನೀರು, ಇನ್ನೊಂದರಲ್ಲಿ ನಾಲ್ಕು ಪಾಲು. ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ, ತೆಳುವಾದದ್ದು ಮುರುಟಿಕೊಳ್ಳುತ್ತದೆ. ತಿಳಿಯಾದದ್ದು ಪೂರ್ತಿ ಒಣಗಿದ ಮೇಲೆಯೇ ಗಾಢವಾದದ್ದು. ಬ್ರಷ್ಷನ್ನು ಕೂಡಲೇ ತೊಳೆಯದಿದ್ದರೆ ಕೂದಲು ಅಂಟಿ ಹಾಳಾಗುತ್ತದೆ.

ಇಷ್ಟು ಹೊತ್ತಿಗೆ ಮೂರೂ ಹಾಳೆಗಳಲ್ಲಿ ಹುಬ್ಬು ಗಂಟಿಕ್ಕಿದ ಅದೇ ಮುಖ ಬಂದಿರುತ್ತದೆ. ಕಣ್ಣಿಟ್ಟು ನೋಡುವ ಮುಖವೇ ಹಾಗೆ. ಡಚ್ ಕಲಾವಿದ ರೆಂಬ್ರಾಂಟ್ 1630ರಲ್ಲಿ ಅಂಗೈಯಷ್ಟೂ ಇಲ್ಲದ ತಾಮ್ರದ ತಗಡುಗಳ ಮೇಲೆ ಬಾಯಿ ತೆರೆದ, ನಕ್ಕ, ಕಣ್ಣರಳಿಸಿದ ತನ್ನದೇ ಮುಖಗಳನ್ನು ಕೊರೆದಿದ್ದ. ನಾಲ್ಕನೆಯ ಹಾಳೆಯನ್ನು ಹಾಗೆಯೇ ಆರು ಮನೆ ಮಾಡಿ, ಮನೆಗೊಂದು ಮುಖಭಾವ, ತಲಾ ಐದು ನಿಮಿಷ, 6ಬಿ ಪೆನ್ಸಿಲ್. ನಗುವಾಗ ಬಾಯಿಗಿಂತ ಮೊದಲು ಕೆಳರೆಪ್ಪೆ ಬರೆಯಿರಿ. ಅದು ಮೇಲಕ್ಕೆ ಉಬ್ಬದ ನಗೆ ಹಲ್ಲು ತೋರಿಸಿದಂತಿರುತ್ತದೆ, ಅಷ್ಟೇ.

ಇದ್ದಿಲಿನ ಹಾಳೆಗೆ ಕಿಟಕಿ ತೆರೆದಿಟ್ಟು, ಒಂದಡಿ ದೂರದಿಂದ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ತೆಳುವಾಗಿ ಎರಡು ಸಲ ಹೊಡೆಯಿರಿ. ಎತ್ತಿಡುವಾಗ ಮೇಲೊಂದು ಬಟರ್ ಪೇಪರ್, ಹಿಂದೆ ತಾರೀಖು, ಗಂಟೆ, ಬೆಳಕು ಬಂದ ದಿಕ್ಕು.