ಅನ್ನೋದು, ಅನ್ನಿಸೋದು

2025 ಡಿಸೆಂಬರ್ 14, ಭಾನುವಾರ
ಮೈಸೂರು

ಬೆಳಿಗ್ಗೆ ದೇವರಾಜ ಮಾರ್ಕೆಟ್‌ನಿಂದ ಎರಡು ಕೆಜಿ ಅವರೆಕಾಯಿ ತಂದೆ. ಸೊಗಡು ಚೆನ್ನಾಗಿತ್ತು. ಹಾಲ್‌ನಲ್ಲಿ ಹಳೇ ಪೇಪರ್ ಹರಡಿಕೊಂಡು ನಾನೂ ಅಮ್ಮನೂ ಸುಲಿಯಲು ಕೂತೆವು. ಪಕ್ಕದಲ್ಲಿ ನನ್ನ ನೋಟ್‌ಬುಕ್. ಮಂಗಳವಾರ ಮೆಂಟರ್ ಜೊತೆ ಮಾತುಕತೆ ಇದೆ. ಅಷ್ಟರಲ್ಲಿ ಒಂದು ಪುಟ ಬರೆದು ಕಳಿಸಬೇಕು. ಕೋಚ್ ಆಗಿ ನಾನು ಏನನ್ನು ನಂಬಿ ಕೆಲಸ ಮಾಡುತ್ತೇನೆ ಅನ್ನುವುದೇ ವಿಷಯ.

ಕೋರ್ಸ್ ಮುಗಿದು ಸರ್ಟಿಫಿಕೇಟ್ ಬಂದು ಹನ್ನೆರಡು ದಿನ ಆಯ್ತು. ಹದಿನೇಳು ವರ್ಷ ಬ್ಯಾಂಕ್ ಕೌಂಟರ್‌ನಲ್ಲಿ ಕೂತವಳು, ಈಗ ಲೈಫ್ ಕೋಚ್. ಅಂದರೆ ಜನ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಲು ಪ್ರಶ್ನೆ ಕೇಳಿ ಜೊತೆಗಿರುವವಳು. ಕೋಚ್‌ಗಳಿಗೆ ಮಾನ್ಯತೆ ಕೊಡುವ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ಮೊದಲ ಹಂತದ ಮಾನ್ಯತೆ ಎಸಿಸಿ. ಅದಕ್ಕೆ 60 ಗಂಟೆ ಪಾಠ, 10 ಗಂಟೆ ಮೆಂಟರ್ ಜೊತೆ ಅಭ್ಯಾಸ, 100 ಗಂಟೆ ಕೋಚಿಂಗ್ ಆಗಿರಬೇಕು. ಪಾಠ ಮುಗಿದಿದೆ. ಕೋಚಿಂಗ್ ಮಾತ್ರ 31 ಗಂಟೆಗೆ ಬಂದು ನಿಂತಿದೆ. ಗಂಟೆಗಳ ಲೆಕ್ಕ ಹೇಗೋ ತುಂಬುತ್ತೆ. ಈ ಒಂದು ಪುಟ ತುಂಬುತ್ತಿಲ್ಲ.

ನಾಲ್ಕು ಸಲ ಬರೆದು ಹರಿದೆ. ಬರೆದದ್ದೆಲ್ಲ ಕ್ಲಾಸಿನಲ್ಲಿ ಕೇಳಿದ ಮಾತುಗಳೇ. ಪ್ರತಿಯೊಬ್ಬರಲ್ಲೂ ಶಕ್ತಿ ಇದೆ, ಉತ್ತರ ಅವರೊಳಗೇ ಇದೆ, ಹೀಗೆ. ಸುಳ್ಳಲ್ಲ. ಆದರೆ ಅದು ನನ್ನ ಬಾಯಿಗೆ ಹೊಂದುವ ಮಾತಾಗಿರಲಿಲ್ಲ.

ನಾವು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಎಲ್ಲರಿಗೂ ಮೊದಲು ಹೇಳಿಕೊಡುವುದು ಗ್ರೋ ಮಾದರಿ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಜಾನ್ ವಿಟ್‌ಮೋರ್ ಮತ್ತು ಅವರ ಜೊತೆಗಾರರು ರೂಪಿಸಿದ್ದು. ಮೊದಲು ಗುರಿ, ಆಮೇಲೆ ಈಗಿನ ಸ್ಥಿತಿ, ಆಮೇಲೆ ಇರುವ ದಾರಿಗಳು, ಕೊನೆಗೆ ಏನು ಮಾಡುತ್ತೀರಿ ಅನ್ನುವ ನಿರ್ಧಾರ. ಚೆನ್ನಾಗಿದೆ, ಕೆಲಸಕ್ಕೂ ಬರುತ್ತೆ. ನಾನು ಎಡವಿದ್ದು ಕನ್ನಡದಲ್ಲಿ ಬಾಯಿ ತೆರೆದ ತಕ್ಷಣ.

ನನ್ನ ಹತ್ತಿರ ಬಂದ ಮೊದಲನೆಯವರು ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಅಂಗಡಿ ಹಾಕಬೇಕೋ ಬೇಡವೋ ಅನ್ನುವ ಗೊಂದಲ ಅವರದು. ಕಲಿತ ಹಾಗೆ ಕೇಳಿದೆ: "ನಿಮಗೆ ಏನು ಬೇಕು?"

ಕನ್ನಡದಲ್ಲಿ ಈ ಪ್ರಶ್ನೆಯನ್ನು ಯಾರು ಕೇಳುತ್ತಾರೆ ಹೇಳಿ? ಅಂಗಡಿಯವರು ಕೇಳುತ್ತಾರೆ, ಹೋಟೆಲ್ ಸಪ್ಲೈಯರ್ ಕೇಳುತ್ತಾನೆ. ಆ ಹೆಂಗಸು ತಕ್ಷಣ ಹೇಳಿದರು: "ನಂಗೇನೂ ಬೇಡ ಮೇಡಂ. ಎಲ್ರೂ ಚೆನ್ನಾಗಿದ್ರೆ ಸಾಕು." ಮಾತು ಅಲ್ಲಿಗೆ ಮುಗಿಯಿತು. ನನ್ನ ಹಾಳೆಯಲ್ಲಿ ಗುರಿ ಅಂತ ಬರೆದ ಜಾಗ ಖಾಲಿ ಉಳಿಯಿತು.

ಎರಡನೇ ಸಲ ಬಂದಾಗ ಅವರ ಮಾತನ್ನು ಸುಮ್ನೆ ಕೇಳುತ್ತಾ ಕೂತೆ. ಅತ್ತೆ ಏನಂತಾರೋ, ಯಜಮಾನ್ರು ಏನಂತಾರೋ, ಬೀದಿಯವರು ಏನಂತಾರೋ. ಏನಂತಾರೋ, ಏನಂತಾರೋ. ನನಗೆ ಗೊತ್ತಿಲ್ಲದೇ ಬಾಯಿಗೆ ಬಂತು: "ಸರಿ, ನಿಮಗೆ ಏನನ್ನಿಸುತ್ತೆ?"

ಅವರು ಸುಮ್ಮನಾದರು. ಸೆರಗಿನ ಅಂಚಿನಲ್ಲಿ ಎದ್ದಿದ್ದ ಒಂದು ನೂಲನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಎಷ್ಟು ಹೊತ್ತೋ. ನಾನು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಹೊಲಿಯೋದು ನಂಗೆ ಬೇಜಾರಿಲ್ಲ. ಒಬ್ಳೇ ಕೂತು ಹೊಲಿಯೋದು ಬೇಜಾರು."

ಆ ದಿನ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಅನ್ನುವುದು, ಅನ್ನಿಸುವುದು. ಎರಡಕ್ಕೂ ಬೇರು ಒಂದೇ. ಒಂದು ಊರಿನ ಬಾಯಲ್ಲಿರುತ್ತೆ, ಇನ್ನೊಂದು ನಮ್ಮೊಳಗೆ ತಾನಾಗಿ ಏಳುತ್ತೆ. ಅದೂ ನಾನು ಅನ್ನಿಸಿಕೊಳ್ಳುವುದಲ್ಲ, 'ನನಗೆ' ಅನ್ನಿಸುವುದು. ಯೋಚನೆ, ಭಾವನೆ ಅಂತ ಬೇರೆ ಬೇರೆ ಮಾಡುವ ಕೆಲಸವೂ ಇಲ್ಲ, ಆ ಒಂದೇ ಮಾತಿನಲ್ಲಿ ಎರಡೂ ಇವೆ. 60 ಗಂಟೆ ಪಾಠದಲ್ಲಿ ಹುಡುಕಿದ ಪ್ರಶ್ನೆ ನಮ್ಮ ಭಾಷೆಯಲ್ಲಿ ಮೊದಲಿಂದಲೂ ಇತ್ತು.

ಹಾಗಂತ ಅತ್ತೆ, ಯಜಮಾನರನ್ನು ನಾನು 'ಅಡ್ಡಿಗಳು' ಅಂತ ಬರೆದುಕೊಳ್ಳುವುದಿಲ್ಲ. ಕ್ಲಾಸಿನಲ್ಲಿ ಒಮ್ಮೆ ಹಾಗೆ ಪಟ್ಟಿ ಮಾಡಿಸಿದ್ದರು, ಆಗಲೇ ನನಗೆ ಸರಿ ಕಾಣಲಿಲ್ಲ. ಆ ಮನೆಯಲ್ಲಿ ಮಗುವನ್ನು ಸ್ಕೂಲಿಂದ ಕರೆತರುವುದು ಆ ಅತ್ತೆಯೇ. ನಮ್ಮಲ್ಲಿ ಒಬ್ಬರ ನಿರ್ಧಾರಕ್ಕೆ ನಾಲ್ಕು ಜನರ ದಿನ ಬದಲಾಗುತ್ತೆ. ಆದ್ದರಿಂದ ನನ್ನ ಹತ್ತಿರ ಬಂದವರಿಗೆ ಅನ್ನಿಸಿದ್ದು ಮೊದಲು ಅವರ ಕಿವಿಗೇ ಬೀಳಬೇಕು, ಮನೆಯವರ ಹತ್ತಿರ ಮಾತಾಡುವುದು ಆಮೇಲೆ. ಇಷ್ಟನ್ನು ನೋಟ್‌ಬುಕ್‌ನಲ್ಲಿ ಬರೆದೆ. ಇವತ್ತಿನ ಮೊದಲ ಸಾಲು ಅದು.

ಎರಡನೇ ಸಾಲು ತಪ್ಪಿನಿಂದ ಕಲಿತದ್ದು. ಸೆಪ್ಟೆಂಬರ್‌ನಲ್ಲಿ ಅಭ್ಯಾಸಕ್ಕೆ ಅಂತ ಒಬ್ಬ ಹುಡುಗನ ಜೊತೆ ಮಾತಾಡುತ್ತಿದ್ದೆ. ಕೆಲಸ ಬಿಟ್ಟು ಓದಬೇಕು ಅಂತಿದ್ದ. ಬ್ಯಾಂಕಿನ ಅಭ್ಯಾಸ ಎಲ್ಲಿ ಹೋಗುತ್ತೆ? ಸಾಲ, ಬಡ್ಡಿ, ಉಳಿತಾಯ ಅಂತ ಇಪ್ಪತ್ತು ನಿಮಿಷ ನಾನೇ ಹೇಳಿದೆ. ಅವನು ಪ್ರತಿ ಮಾತಿಗೂ "ಹೂಂ ಮೇಡಂ" ಅಂದ. ಮತ್ತೆ ಬರಲಿಲ್ಲ. ಹೂಂ ಅನ್ನುವುದರಲ್ಲೂ ಎಷ್ಟೊಂದು ಬಗೆ. ಒಪ್ಪಿಗೆಯ ಹೂಂ ಇದೆ, ಕತೆ ಕೇಳುವ ಹೂಂ ಇದೆ, ಸಾಕು ನಿಲ್ಲಿಸಿ ಅನ್ನುವ ಹೂಂ ಇದೆ. ಆ ದಿನ ನನ್ನ ಮಾತಿನ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ಆ ಹುಡುಗನನ್ನು ಈಗಲೂ ನೆನೆಯುತ್ತೇನೆ.

ಮೂರನೆಯದು ಎಲ್ಲಿ ನಿಲ್ಲಬೇಕು ಅನ್ನುವುದು. ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಲು ಸರ್ಕಾರದ ಪರವಾನಗಿ ಬೇಕಿಲ್ಲ. ಅದಕ್ಕೇ ನನಗೆ ಭಯ ಜಾಸ್ತಿ. ಕಳೆದ ತಿಂಗಳು ಒಬ್ಬರು ಮೂರು ವಾರದಿಂದ ನಿದ್ದೆ ಇಲ್ಲ, ಬೆಳಗಾಗುವುದೇ ಬೇಡ ಅನ್ನಿಸುತ್ತೆ ಅಂದರು. ಗ್ರೋ ಹಾಳೆ ಮಡಚಿಟ್ಟೆ. ಇದು ನನ್ನ ಕೈಯಲ್ಲಾಗುವ ಕೆಲಸ ಅಲ್ಲ, ಇದಕ್ಕೆ ಡಾಕ್ಟರು ಬೇಕು ಅಂತ ನೇರವಾಗಿ ಹೇಳಿದೆ. ಟೆಲಿ ಮಾನಸ್‌ನ 14416ಕ್ಕೆ ನನ್ನೆದುರೇ ಫೋನ್ ಮಾಡಿಸಿದೆ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಅವರ ತಮ್ಮ ಬಂದು ಕರೆದುಕೊಂಡು ಹೋಗುವವರೆಗೂ ಜೊತೆಗಿದ್ದೆ. ಆ ಗಂಟೆಯನ್ನು 31ರ ಲೆಕ್ಕಕ್ಕೆ ಸೇರಿಸಿಲ್ಲ.

"ಅಷ್ಟೊತ್ತಿಂದ ಏನೇ ಬರೀತಿದ್ದೀಯ? ಸೊಗಡೆಲ್ಲ ಪುಸ್ತಕಕ್ಕೆ ಅಂಟ್ತು ನೋಡು," ಅಂದರು ಅಮ್ಮ.

ಓದಿ ಹೇಳಿದೆ. ಅಮ್ಮ ಕೈ ನಿಲ್ಲಿಸದೇ ಕೇಳಿದರು. ಹುಳ ಇದ್ದ ಕಾಯಿ ಸಿಕ್ಕರೆ ಬದಿಗೆ, ಎಳೆಯದು ಬೇರೆ ಬಟ್ಟಲಿಗೆ. ಚಿಕ್ಕಮ್ಮ ಹೋದ ವಾರ "ಬರೀ ಮಾತಾಡೋಕೆ ದುಡ್ಡು ತಗೋತಾಳಾ?" ಅಂದಾಗಿನಿಂದ ಅಮ್ಮನಿಗೆ ಏನು ಅನ್ನಿಸಿದೆ ಅಂತ ನಾನು ಕೇಳಿಯೇ ಇರಲಿಲ್ಲ. ಇವತ್ತು ಕೇಳಿದ್ದು ಬೇರೆ.

"ಅಮ್ಮ, ಮದುವೆ ಆದ್ಮೇಲೆ ಟೀಚರ್ ಕೆಲಸ ಬಿಟ್ಟೆಯಲ್ಲ. ಆಗ ಎಲ್ಲರೂ ಏನಂದ್ರು ಅಂತ ಎಷ್ಟೋ ಸಲ ಹೇಳಿದ್ದೀಯ. ನಿಂಗೇನನ್ನಿಸ್ತು?"

ಅಮ್ಮನ ಕೈ ನಿಂತಿತು. ಕೈಯಲ್ಲಿದ್ದ ಕಾಯಿಯನ್ನು ಅರ್ಧ ಬಿಡಿಸಿ ಹಾಗೇ ಹಿಡಿದುಕೊಂಡರು. ಇನ್ನೊಂದು ಪ್ರಶ್ನೆ ನನ್ನ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇವತ್ತು ಬೇಡ ಕಣೇ. ಇನ್ನೊಂದು ದಿನ ಹೇಳ್ತೀನಿ."

ಆಯ್ತಮ್ಮ ಅಂದೆ. ಪೇಪರ್ ಮಡಚಿ ಸಿಪ್ಪೆಯನ್ನು ಚೀಲಕ್ಕೆ ತುಂಬಿದೆ. ಅಡುಗೆಮನೆಗೆ ಹೋದವರು ಅಲ್ಲಿಂದಲೇ ಕೂಗಿದರು: "ಬುಧವಾರ ಇನ್ನೊಂದು ಕೆಜಿ ತಗೊಂಬಾ. ಕೂತು ಸುಲಿಯೋಣ."