ಊಟಾನೂ ಎಡಗೈಲೇ ಮಾಡ್ತೀರೇನ್ರೀ?

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಅಳತೆ ಬರೆದುಕೊಳ್ಳೋಣ ಅಂತ ಪೆನ್ನು ಹಿಡಿದರೆ ಸಾಕು, ಎದುರಿಗೆ ನಿಂತವರ ಕಣ್ಣು ನನ್ನ ಕೈಗೆ ಬೀಳುತ್ತದೆ. ಎದೆ, ಭುಜ, ತೋಳು ಬರೆಯುವ ತನಕ ಹೇಗೋ ತಡೆದುಕೊಳ್ಳುತ್ತಾರೆ. ಕೊರಳಿನ ಅಳತೆಗೆ ಬರುವ ಹೊತ್ತಿಗೆ ಕೇಳಿಯೇ ಬಿಡುತ್ತಾರೆ: "ಅಕ್ಕಾ, ನೀವು ಊಟಾನೂ ಎಡಗೈಲೇ ಮಾಡ್ತೀರೇನ್ರೀ?"

ಹದಿನೇಳು ವರ್ಷದಿಂದ ಇದೇ ಪ್ರಶ್ನೆ. ಹೊಸ ಗಿರಾಕಿ, ಬಸ್ಸಿನಲ್ಲಿ ಪಕ್ಕ ಕೂತವರು, ಮಗನ ಶಾಲೆಯ ಮೇಡಂ, ಎಲ್ಲರದೂ ಇದೇ. ಉತ್ತರ ಒಮ್ಮೆ ಪೂರ್ತಿ ಬರೆದಿಡುತ್ತೇನೆ.

ಇಲ್ರೀ. ಊಟ ಬಲಗೈಲಿ.

ಕೇಳುವವರಿಗೆ ಇಷ್ಟಕ್ಕೆ ಸಮಾಧಾನ ಆಗುವುದಿಲ್ಲ, ಯಾಕೆಂದರೆ ಅವರ ಪ್ರಶ್ನೆ ಊಟದ್ದಲ್ಲ. ಎಲ್ಲಾ ಕೆಲಸ ಎಡಗೈಲಿ ಮಾಡುವ ಈ ಹೆಣ್ಣುಮಗಳು ಬೆಳಿಗ್ಗೆ ಚೊಂಬು ಹಿಡಿದು ಹೋದಾಗ ಯಾವ ಕೈ ಬಳಸುತ್ತಾಳೆ ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಬಾಯಿ ಬಿಟ್ಟು ಕೇಳಲಾರರು, ಊಟದ ಹೆಸರಲ್ಲಿ ಕೇಳುತ್ತಾರೆ. ಅದಕ್ಕೂ ಉತ್ತರ ಇದೆ: ಆ ಕೆಲಸಕ್ಕೂ ಎಡಗೈಯೇ, ನಿಮ್ಮ ಹಾಗೆಯೇ. ಬರೆಯುವುದು, ಕತ್ತರಿಸುವುದು, ತಿಕ್ಕುವುದು, ತೊಳೆಯುವುದು, ಬಾಗಿಲ ಚಿಲಕ ತೆಗೆಯುವುದು ಎಲ್ಲವೂ ಎಡಗೈ ಪಾಲಿಗೆ. ಬಲಗೈಗೆ ಉಳಿದದ್ದು ಉಣ್ಣುವುದು, ತೀರ್ಥ ತಗೊಳ್ಳುವುದು, ಆಶೀರ್ವಾದದ ಅಕ್ಷತೆ ಹಾಕುವುದು. ನನ್ನ ಬಲಗೈ ಮನೆಅಳಿಯ ಇದ್ದ ಹಾಗೆ. ಪಂಕ್ತಿಗೆ ಮೊದಲು, ಕೆಲಸಕ್ಕೆ ನಾಪತ್ತೆ.

ನಮ್ಮ ಕಡೆ ನನ್ನಂಥವರಿಗೆ ರೊಡ್ಡ, ರೊಡ್ಡಿ ಅಂತಾರೆ. ಮೈಸೂರು ಸೀಮೆಯವರ ಎಡಚ. 'ಎಡಗೈಯವಳು' ಅಂತ ಬರೆದರೆ ನಮ್ಮಲ್ಲಿ ಅದು ಜಾತಿಯ ಮಾತಾಗುತ್ತದೆ. ಆ ಎಡಗೈ-ಬಲಗೈ ಬೇರೆ, ಈ ಎಡಗೈ ಬೇರೆ. ಅದಕ್ಕೇ ರೊಡ್ಡಿ ಅನ್ನುವುದೇ ವಾಸಿ. ಬೈಗುಳದಂತೆ ಕೇಳಿಸಿದರೂ ಮನೆಯ ಮಾತು. ಭಾಷೆಯ ಹತ್ತಿರ ದೂರು ಹೇಳಿ ಪ್ರಯೋಜನವೂ ಇಲ್ಲ ಬಿಡಿ. ಆ ಕಡೆಯ ಕೈಗೆ 'ಬಲ' ಅಂತ ಹೆಸರಿಟ್ಟು, ಸಿಟ್ಟಾದವರಿಗೆ 'ಎಡಮಗ್ಗುಲಲ್ಲಿ ಎದ್ದಿಯೇನು' ಅಂತ ಕೇಳುವ ಕನ್ನಡದಲ್ಲಿ ನಮಗೆ ನ್ಯಾಯ ಎಲ್ಲಿ ಸಿಗಬೇಕು?

ಬಲಗೈಗೆ ಉಣ್ಣಲು ಕಲಿಸಿದವಳು ಅಮ್ಮ. (ನಮ್ಮಲ್ಲಿ ಹೆತ್ತವಳು ಅವ್ವ, ಅಜ್ಜಿ ಅಮ್ಮ.) ಹೊಡೆಯಲಿಲ್ಲ, ಬಯ್ಯಲಿಲ್ಲ. ಊಟಕ್ಕೆ ಕೂತಾಗ ನನ್ನ ಎಡಕ್ಕೆ ಬಂದು ಕೂತು, ನನ್ನ ಎಡಗೈಯನ್ನು ತನ್ನ ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದಳು, ಅಷ್ಟೇ. ರೊಟ್ಟಿ ಮುರಿಯುವುದು ಎರಡು ಕೈಯ ಕೆಲಸ. ಒಂದೇ ಕೈ ಬಿಡುವಾಗಿದ್ದ ನಾನು ಕಿರುಬೆರಳು, ಉಂಗುರಬೆರಳಿನಿಂದ ರೊಟ್ಟಿಯನ್ನು ತಾಟಿಗೆ ಒತ್ತಿಹಿಡಿದು, ಹೆಬ್ಬೆರಳು-ತೋರುಬೆರಳಿನಿಂದ ಹರಿಯುವುದನ್ನು ಕಲಿತೆ. ಈಗಲೂ ಹಾಗೇ ಹರಿಯುತ್ತೇನೆ, ಎಡಗೈ ಸುಮ್ಮನೆ ತೊಡೆಯ ಮೇಲೆ ಇರುತ್ತದೆ. ಎದ್ದು ಹೋಗಿ ಎಷ್ಟೋ ವರ್ಷವಾದ ಅಮ್ಮ ಇನ್ನೂ ಪಕ್ಕದಲ್ಲಿ ಕೂತ ಹಾಗೆ.

ಆದರೆ ಅಮ್ಮನ ಕಾಲದಲ್ಲಿ ಮನೆಯಲ್ಲಿ ಚಮಚ ಇರಲಿಲ್ಲ. ಹಾಗಾಗಿ ಚಮಚ ಕೊಟ್ಟರೆ ನನ್ನ ಎಡಗೈಯೇ ಮುಂದಾಗುತ್ತದೆ. ಮದುವೆಯಲ್ಲಿ ಅನ್ನ-ಸಾರು ಬಲಗೈಲಿ ಉಂಡು, ಐಸ್‌ಕ್ರೀಮ್ ಬಂದಾಗ ಕೈ ಬದಲಿಸಿದೆನೆಂದರೆ ಮತ್ತೆ ಶುರು: "ಊಟ ಬಲಗೈ ಅಂದ್ರಿ, ಇದೇನ್ರೀ ಮತ್ತ?"

ಶಾಲೆಯ ಕತೆ ಎಲ್ಲ ರೊಡ್ಡರಿಗೂ ಒಂದೇ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ, ನಮ್ಮ ಕೈ ಬರೆದದ್ದರ ಮೇಲೆಯೇ ಹಿಂದಿನಿಂದ ಬರುತ್ತದೆ. ಪಾಟಿಯ ಮೇಲೆ 'ಅ ಆ ಇ ಈ' ಬರೆದು ಮುಗಿಸುವಷ್ಟರಲ್ಲಿ 'ಅ' ಅಳಿಸಿ ಅಂಗೈಯ ಅಂಚು ಬೆಳ್ಳಗಾಗಿರುತ್ತಿತ್ತು. ಮಾಸ್ತರು ಪಾಟಿ ಎತ್ತಿ ಹಿಡಿದು, "ಬರದೀಯೋ, ಒರಸೀಯೋ?" ಅಂದದ್ದು ಈಗಲೂ ಕಿವಿಯಲ್ಲಿದೆ.

ನಮ್ಮ ಅಜ್ಜನದು ಇದರ ಉಲ್ಟಾ ಕತೆ, ಅವನೂ ರೊಡ್ಡನೇ. ರಾಯಚೂರು ಸೀಮೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಅಜ್ಜ ಆಗ ಉರ್ದುವಿನಲ್ಲಿ ಓದಿದವನು. ಉರ್ದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಎಡಗೈಲಿ ಬರೆದರೆ ಕೈ ಬರಿ ಹಾಳೆಯ ಮೇಲೆ ಸರಿಯುತ್ತಾ ಹೋಗುತ್ತದೆ, ಮಸಿ ತಾಕುವುದೇ ಇಲ್ಲ. ರೊಡ್ಡರಿಗೆ ಹೇಳಿ ಮಾಡಿಸಿದ ಬರವಣಿಗೆ! ಆದರೆ ಉಸ್ತಾದರು ಬೆತ್ತ ಹಿಡಿದು ಅವನನ್ನು ಬಲಗೈಗೆ ತಿರುಗಿಸಿಬಿಟ್ಟರು. ಬಲಗೈ ತುಂಬ ಮಸಿ ಮಾಡಿಕೊಂಡು ಅಜ್ಜ ಉರ್ದು ಬರೆದ. ಎಡಗೈ ತುಂಬ ಮಸಿ ಮಾಡಿಕೊಂಡು ನಾನು ಕನ್ನಡ ಬರೆದೆ. ನಮ್ಮ ಮನೆತನಕ್ಕೆ ಬರೆಯುವ ಯೋಗ ಇದ್ದದ್ದೇ ಹಾಗೆ.

'ಇದು ಅಜ್ಜನಿಂದ ಬಂದದ್ದಾ?' ಅಂತಲೂ ಕೇಳುತ್ತಾರೆ. ಸ್ವಲ್ಪ ರಕ್ತದಲ್ಲಿ ಬರುತ್ತದೆ, ಆದರೆ ಒಂದೇ ಒಂದು ಜೀನಿನ ಆಟವಲ್ಲ. ಅಪ್ಪ-ಅವ್ವ ಇಬ್ಬರೂ ರೊಡ್ಡರಾದರೂ ಹೆಚ್ಚಿನ ಮಕ್ಕಳು ಬಲಗೈಯವರೇ ಆಗುತ್ತಾರೆ. ಒಂದೇ ತದ್ರೂಪದ ಅವಳಿಗಳಲ್ಲೂ ಒಬ್ಬರು ಆ ಕೈ, ಒಬ್ಬರು ಈ ಕೈ ಇರುವುದುಂಟು. ಲೋಕದಲ್ಲಿ ಹತ್ತರಲ್ಲೊಬ್ಬರು ನಾವು. ಮಿಕ್ಕ ಒಂಬತ್ತು ಮಂದಿ ಸಾಮಾನು ಮಾಡುವವರು.

ಆ ಸಾಮಾನುಗಳಲ್ಲಿ ನನ್ನ ಹೊಟ್ಟೆಪಾಡಿನದೇ ಕತ್ರಿ. ಕತ್ರಿಗೂ ಕೈ ಉಂಟು ಅಂತ ಬಲಗೈಯವರಿಗೆ ಗೊತ್ತೇ ಇರುವುದಿಲ್ಲ. ಕತ್ರಿ ಮುಚ್ಚುವಾಗ ನಾವು ಬರೀ ಒತ್ತುವುದಿಲ್ಲ. ಹೆಬ್ಬೆರಳು ಸ್ವಲ್ಪ ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳು ಒಳಕ್ಕೆ ಎಳೆಯುತ್ತವೆ. ಬಲಗೈಲಿ ಹಿಡಿದಾಗ ಆ ತಳ್ಳಾಟದಿಂದ ಎರಡೂ ಅಲಗು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ. ಅದೇ ಕತ್ರಿ ಎಡಗೈಲಿ ಹಿಡಿದರೆ ಅದೇ ತಳ್ಳಾಟ ಅಲಗುಗಳನ್ನು ದೂರ ಮಾಡುತ್ತದೆ. ಕೂದಲೆಳೆಯಷ್ಟು ಸಂದು, ಅಷ್ಟು ಸಾಕು. ಬಟ್ಟೆ ಅದರೊಳಗೆ ಮಡಚಿಕೊಂಡು ಹೋಗುತ್ತದೆ. ಕತ್ರಿ ಕತ್ತರಿಸುವುದಿಲ್ಲ, ಅಗಿಯುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಚಾಕ್‌ಪೀಸಿನ ಗೆರೆಯನ್ನು ನಮ್ಮ ಕಣ್ಣಿಗೆ ಮರೆ ಮಾಡುತ್ತದೆ. 'ತಿರುವಿ ಹಿಡೀರಿ' ಅನ್ನುವ ಜಾಣರು ದಿನಕ್ಕೊಬ್ಬರು ಸಿಗುತ್ತಾರೆ. ತಿರುವಿದರೂ ಅದು ಬಲಗೈ ಕತ್ರಿಯೇ, ನೀವೇ ತಿರುವಿ ನೋಡಿ.

ಕಲಿಯುವಾಗ ನಾನು ಕಂಡುಕೊಂಡ ಉಪಾಯ ಎಂದರೆ ಹೆಬ್ಬೆರಳನ್ನು ಹೊರಗೆ ತಳ್ಳದೆ ಒಳಕ್ಕೆ ಎಳೆಯುವುದು. ಗಂಟಿನ ಹತ್ತಿರ ಜಡ್ಡುಗಟ್ಟಿತು, ಕೈ ಪಳಗಿತು. ಹತ್ತು ವರ್ಷ ಹಾಗೇ ಸಾವಿರಾರು ಜಂಪರು ಕತ್ತರಿಸಿದೆ. ಆಮೇಲೆ ನನ್ನ ತಮ್ಮ ಆನ್‌ಲೈನಿನಲ್ಲಿ ಎಡಗೈ ಕತ್ರಿ ತರಿಸಿಕೊಟ್ಟ. ಅದರ ಅಲಗುಗಳೇ ಅದಲುಬದಲು. ಖುಷಿಯಿಂದ ಹಳೆ ಪರಕಾರದ (ಲಂಗದ) ಮೇಲೆ ಇಟ್ಟರೆ ಅದೂ ಅಗಿಯಿತು! ಹತ್ತು ವರ್ಷ ಒಳಕ್ಕೆ ಎಳೆದು ಎಳೆದು ರೂಢಿಯಾದ ಹೆಬ್ಬೆರಳು ಸರಿಯಾದ ಕತ್ರಿಯಲ್ಲೂ ಎಳೆಯುತ್ತಿತ್ತು, ಅಲಗು ಬಿಚ್ಚಿಕೊಳ್ಳುತ್ತಿದ್ದವು. ತಪ್ಪು ಸಾಮಾನಿಗೆ ಹೊಂದಿಕೊಂಡ ಕೈಯನ್ನು ಮತ್ತೆ ಬಿಡಿಸಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ನನಗೆ ಬಂದಷ್ಟು ಅಳು ಪಾಟಿ ಒರಸುವಾಗಲೂ ಬಂದಿರಲಿಲ್ಲ.

ಒಮ್ಮೆ ಕೈ ಕೂತ ಮೇಲೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು. ಅಷ್ಟರಲ್ಲಿ ಕೆಲಸ ಕಲಿಯಲು ಬಂದ ಹುಡುಗಿ ನಾನಿಲ್ಲದಾಗ ಅದನ್ನೇ ಎತ್ತಿಕೊಂಡು ಗುಳೇದಗುಡ್ಡದ ಖಣವೊಂದಕ್ಕೆ ಹಾಕಿದಳು. ಖಣದ ಬಟ್ಟೆಯ ಅಗಲ ಕಡಿಮೆ. ಕುಪ್ಪಸಕ್ಕೆ ಎಷ್ಟು ಬೇಕೋ ಅಷ್ಟೇ, ತಪ್ಪಿದರೆ ಮತ್ತೊಂದು ಕಡೆಯಿಂದ ಕದಿಯಲು ತುಂಡು ಉಳಿಯುವುದಿಲ್ಲ. ನಾನು ಬರುವಷ್ಟರಲ್ಲಿ ಕೊರಳ ಹತ್ತಿರ ಇಲಿ ಕಡಿದಂತೆ ಆಗಿತ್ತು. ಹುಡುಗಿಯ ಕಣ್ಣಲ್ಲಿ ನೀರು. "ಕತ್ರಿ ಮೊಂಡ ಐತ್ರೀ ಅಕ್ಕಾ" ಅಂದಳು. ಬಯ್ಯಲು ಬಾಯಿ ಬರಲಿಲ್ಲ, ಅದೇ ಮಾತನ್ನು ನಾನು ಹೊಲಿಗೆ ಕಲಿಸಿದ ಮಾಸ್ತರಿಗೆ ಎಷ್ಟು ಸಲ ಹೇಳಿಲ್ಲ? ಬೇರೆ ಖಣ ತಂದುಕೊಟ್ಟೆ. ಹೂವು ಒಂದೇ ಥರ ಸಿಗಲಿಲ್ಲ, ಗಿರಾಕಿ ಮತ್ತೆ ಬರಲಿಲ್ಲ. ಅವತ್ತಿನಿಂದ ನನ್ನ ಕತ್ರಿಯ ಹಿಡಿಗೆ ಕೆಂಪು ದಾರ ಸುತ್ತಿದ್ದೇನೆ.

ಹೊಲಿಗೆ ಮಷಿನ್ನಿನದು ಮಾತ್ರ ನನಗೆ ಯಾವ ತಕರಾರೂ ಇಲ್ಲ. ಚಕ್ರ ಬಲಕ್ಕೆ, ಸೂಜಿ ಎಡಕ್ಕೆ, ಬಟ್ಟೆಯ ರಾಶಿಯೂ ಎಡಕ್ಕೆ. ಸೂಜಿಯ ಬಾಯಿಗೆ ಬಟ್ಟೆಯನ್ನು ತಿದ್ದಿ ತಿದ್ದಿ ಕೊಡುವ ನಾಜೂಕಿನ ಕೆಲಸ ಎಡಗೈಯದು. ಬಲಗೈ ಚಕ್ರಕ್ಕೊಂದು ತಳ್ಳು ಕೊಟ್ಟರಾಯಿತು, ಅಳಿಯನಿಗೆ ತಕ್ಕ ಕೆಲಸ.

ಸಾಮಾನಿನದು ಹೇಗೋ ನಡೆಯುತ್ತದೆ. ಕೊಕ್ಕಿನ ಚಾ ಪಾತ್ರೆಯಿಂದ ಚಾ ನೆಲಕ್ಕೆ ಹೋಗುತ್ತದೆ, ಒರೆಸಿದರಾಯಿತು. ಬ್ಯಾಂಕಿನಲ್ಲಿ ಪೆನ್ನಿಗೆ ದಾರ ಕಟ್ಟಿ ಬಲಕ್ಕೆ ಬಿಗಿದಿರುತ್ತಾರೆ, ಪಕ್ಕದವರ ಪೆನ್ನು ಕೇಳಿದರಾಯಿತು. ನನ್ನನ್ನು ದಣಿಸುವುದು ಕೊಡು-ಕೊಳ್ಳುವ ಹೊತ್ತು. ಬೆಳಿಗ್ಗೆ ಕಾಯಿಪಲ್ಲೆಯವಳಿಗೆ ಎಡಗೈಲಿ ರೊಕ್ಕ ಚಾಚಿದರೆ, "ಬೋಣಿ ಟೈಮ್ ಐತ್ರೀ ಅಕ್ಕಾ, ಈ ಕೈ ಬ್ಯಾಡ್ರೀ" ಅನ್ನುತ್ತಾಳೆ. ಮುತ್ತೈದೆಗೆ ಕುಂಕುಮ ಹಚ್ಚುವಾಗ, ಉಡಿ ತುಂಬುವಾಗ, ಹಿರಿಯರಿಗೆ ನೀರಿನ ತಂಬಿಗೆ ಕೊಡುವಾಗ, ಹೊಲಿದ ಬಟ್ಟೆ ಗಿರಾಕಿಯ ಕೈಗಿಡುವಾಗ, ಪ್ರತಿ ಸಲವೂ ಕೈ ಹೊರಡುವ ಮುಂಚೆ ಅರೆಕ್ಷಣ ಲೆಕ್ಕ ಹಾಕಬೇಕು: ಯಾವ ಕೈ, ಯಾರ ಮುಂದೆ. ನಿಮಗೆ ಆ ಅರೆಕ್ಷಣ ಇಲ್ಲವೇ ಇಲ್ಲ. ಮೋಜೆಂದರೆ, ಅದೇ ಕಾಯಿಪಲ್ಲೆಯವಳು ಈಗ ಫೋನ್‌ಪೇ ಹಲಗೆ, ರೊಕ್ಕ ಬಂತು ಅಂತ ಕೂಗುವ ಡಬ್ಬಿ ಇಟ್ಟಿದ್ದಾಳೆ. ಎಡಗೈಲಿ ಫೋನು ಹಿಡಿದು ಸ್ಕ್ಯಾನ್ ಮಾಡಿದರೆ ಒಂದು ಮಾತಿಲ್ಲ. ಲಕ್ಷ್ಮಿ ಯಾವ ಕೈಯಿಂದ ಬಂದಳು ಅಂತ ಆ ಡಬ್ಬಿ ಹೇಳುವುದಿಲ್ಲವಲ್ಲ.

ಸರ್ಕಾರಕ್ಕೆ ಮಾತ್ರ ಎಡಗೈಯೇ ಬೇಕು. ಓಟು ಹಾಕಲು ಹೋದರೆ ನಿಯಮದ ಪ್ರಕಾರ ಎಡಗೈಯ ತೋರುಬೆರಳಿಗೇ ಶಾಯಿ, ಅದೂ ನಮ್ಮ ಮೈಸೂರಿನ ಕಾರ್ಖಾನೆಯದು, ವಾರಗಟ್ಟಲೆ ಹೋಗುವುದಿಲ್ಲ. ಬಿಳಿ ಬಟ್ಟೆ ಕೊಡಲು ಬಂದವರು ನನ್ನ ಬೆರಳು ನೋಡಿ, "ಬಣ್ಣ ಹತ್ತೂದಿಲ್ಲೇನ್ರೀ?" ಅಂತ ಹಿಂದೆ ಸರಿಯುತ್ತಾರೆ. ಒಣಗಿದ ಮೇಲೆ ಹತ್ತುವುದಿಲ್ಲ ಅಂತ ಪ್ರತಿ ಚುನಾವಣೆಗೂ ಹೇಳಬೇಕು. ರೇಷನ್ ಅಂಗಡಿಯಲ್ಲಿ ಎಡ ಹೆಬ್ಬೆರಳು ಒತ್ತಿದರೆ ಮಷಿನ್ನು ನನ್ನನ್ನು ಗುರುತಿಸುವುದಿಲ್ಲ, ಮಡಿಕೆ ಒತ್ತಿ, ಚಾಕ್‌ಪೀಸು ಉಜ್ಜಿ ಗೆರೆ ಸವೆದುಹೋಗಿವೆ. ಬಲ ಹೆಬ್ಬೆರಳು ಇಟ್ಟರೆ ಥಟ್ಟನೆ ಹಸಿರು ದೀಪ. ಜನ್ಮದಲ್ಲಿ ಕೆಲಸ ಮಾಡದ ಬೆರಳು, ಒಂದು ಗೆರೆಯೂ ಕೆಟ್ಟಿಲ್ಲ.

ಸಮಾಧಾನ ಹೇಳುವವರೂ ಇದ್ದಾರೆ. "ಅಮಿತಾಭ್ ಬಚ್ಚನ್ನೂ ರೊಡ್ಡ, ತೆಂಡೂಲ್ಕರ್ ಬ್ಯಾಟು ಬಲಗೈ, ಸಹಿ ಎಡಗೈ." ಆಗಲಿ, ಅವರಿಗೆ ಬೋಣಿ ಹೊತ್ತಿನಲ್ಲಿ ಬದನೆಕಾಯಿ ಕೊಳ್ಳುವ ಕಷ್ಟ ಇಲ್ಲ. ಆಗಸ್ಟ್ 13 ನಮ್ಮ ದಿನವಂತೆ. ಸಿಂಧನೂರಿನಲ್ಲಿ ಆ ಹೊತ್ತಿಗೆ ಎಲ್ಲರ ಬಾಯಲ್ಲಿ ಒಂದೇ ಎಡ, ತುಂಗಭದ್ರಾ ಎಡದಂಡೆ ಕಾಲುವೆ. ಭತ್ತ ನಾಟಿಗೆ ನೀರು ಸಾಕಾಗುತ್ತದೋ ಇಲ್ಲವೋ ಅನ್ನುವ ಚಿಂತೆ. 2024ರಲ್ಲಂತೂ ಆ ದಿನಕ್ಕೆ ಮೂರು ದಿನ ಮುಂಚೆ ಡ್ಯಾಮಿನ 19ನೇ ಗೇಟು ಕಿತ್ತುಹೋಗಿತ್ತು. ರೊಡ್ಡರ ದಿನ ಯಾರಿಗೆ ನೆನಪು? ನನಗೂ ಇರಲಿಲ್ಲ, ನಮ್ಮದೂ ಎರಡು ಎಕರೆ ಗದ್ದೆ ಅದೇ ಕಾಲುವೆಯ ಕೆಳಗಿದೆ.

ಒಂದು ಜಾಗದಲ್ಲಿ ಮಾತ್ರ ನನ್ನ ಕೈ ಯಾರಿಗೂ ಪ್ರಶ್ನೆಯಾಗಲಿಲ್ಲ. ಹೆಣ್ಣು ನೋಡಲು ಬಂದಾಗ, "ಚಾ ಬಲಗೈಲೇ ಕೊಡು, ಏನರ ಬರಿ ಅಂದ್ರ ಬೆರಳು ನೋವು ಅನ್ನು" ಅಂತ ಅವ್ವ ಹೇಳಿಕೊಟ್ಟಿದ್ದಳು. ಗುಟ್ಟು ಉಳಿದದ್ದು ಮದುವೆಯಾದ ನಾಲ್ಕೇ ದಿನ. ಐದನೆಯ ದಿನ ಮಂದಿ ಬಹಳ ಬಂದಿದ್ದರು, ಅತ್ತಿ ಮತ್ತು ನಾನು ಪಕ್ಕಪಕ್ಕ ಕೂತು ರೊಟ್ಟಿ ಬಡಿಯಬೇಕಾಯಿತು. ಅತ್ತಿ ಎಡಕ್ಕೆ, ನಾನು ಬಲಕ್ಕೆ. ಅವರು ಬಲಗೈಲಿ ಬಡಿಯುತ್ತಾರೆ, ನಾನು ಎಡಗೈಲಿ. ನಾಲ್ಕು ಏಟಿಗೊಮ್ಮೆ ಮೊಣಕೈಗೆ ಮೊಣಕೈ. ಅವರ ರೊಟ್ಟಿ ಒಂದು ಕಡೆ ತಿರುಗಿದರೆ ನನ್ನದು ಅದರ ಎದುರಿಗೆ ತಿರುಗುತ್ತಿತ್ತು, ಹಿಟ್ಟು ಇಬ್ಬರ ಮೈಮೇಲೆ. ಮೂರನೇ ರೊಟ್ಟಿಗೆ ಅತ್ತಿ ಕೈ ನಿಲ್ಲಿಸಿ ನನ್ನ ಕೈಯನ್ನೇ ನೋಡಿದರು. ಎದೆ ಧಸಕ್ಕೆಂದಿತು. "ಎದ್ದು ಈ ಕಡೆ ಬಾ" ಅಂದು ತಾವು ನನ್ನ ಜಾಗಕ್ಕೆ ಸರಿದರು. ಆಮೇಲೆ ಇಬ್ಬರ ಬಡಿಯುವ ಕೈಯೂ ಹೊರಗಡೆಗೆ ಬಂದವು, ನಡುವೆ ಬೇಕಾದಷ್ಟು ಜಾಗ. ಎಡಗೈಯ ಬಗ್ಗೆ ಅವರು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಉಳಿದವರಿಗೆ ಇತ್ತೀಚೆಗೆ ನಾನು ಬಾಯಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. 'ಊಟಾನೂ ಎಡಗೈಲೇ...' ಅಂತ ಶುರುವಾದೊಡನೆ ಒಂದು ಪರಕಾರದ ತುಂಡು, ಕೆಂಪು ದಾರದ ಕತ್ರಿ ಎರಡನ್ನೂ ಅವರ ಮುಂದೆ ಸರಿಸುತ್ತೇನೆ. "ಒಂದು ಗೇಣು ನೆಟ್ಟಗ ಕತ್ತರಿಸ್ರಿ, ಹೇಳ್ತೀನಿ." ಮೊನ್ನೆ ಒಬ್ಬರು ಮೂರು ಸಲ ಹಾಕಿ, ಬಟ್ಟೆಯನ್ನು ಮುದ್ದೆ ಮಾಡಿ, ಕತ್ರಿಯನ್ನು ಬೆಳಕಿಗೆ ಹಿಡಿದು ನೋಡಿ ಅಂದರು: "ಸಾಣೆ ಹಿಡಸ್ರೀ ಅಕ್ಕಾ, ಮೊಂಡ ಆಗೇತಿ."