ಲಾಂಗ್ಜಾದ ಸಾಲಿಗ್ರಾಮ

ಕಾಜಾದಿಂದ ಲಾಂಗ್ಜಾಕ್ಕೆ ಹೊರಟಾಗ ತಲೆ ಸಿಡಿಯುತ್ತಿತ್ತು. ಮನಾಲಿಯಿಂದ ಒಂದೇ ದಿನದಲ್ಲಿ ಕುಂಜುಂ ಪಾಸ್ ಹತ್ತಿಳಿದು ಹಿಮಾಚಲದ ಸ್ಪಿತಿ ಕಣಿವೆಯ ಕಾಜಾಕ್ಕೆ ಬಂದಿದ್ದೆ. ಒಂದು ದಿನ ಸುಮ್ನೆ ಮಲಗಿರಿ, ಮೈ ಎತ್ತರಕ್ಕೆ ಒಗ್ಗಲಿ ಅಂತ ಉಳಿದುಕೊಂಡಿದ್ದ ಮನೆಯವರು ಹೇಳಿದ್ದರು. ಕೇಳಿದರೆ ತಾನೆ!

ಒಂದು ತಿರುವಿನಲ್ಲಿ ಡ್ರೈವರ್ ಜೀಪ್ ನಿಲ್ಲಿಸಿದ. ಎದುರಿನ ಬೆಟ್ಟದಲ್ಲಿ ಬಂಡೆಯ ಪದರಗಳು ಡೊಂಕುಡೊಂಕಾಗಿ ಮಡಚಿಕೊಂಡಿದ್ದವು. ಚಾಪೆಯ ಒಂದು ತುದಿಯನ್ನು ಗೋಡೆಗೆ ಆನಿಸಿ, ಇನ್ನೊಂದು ತುದಿಯಿಂದ ತಳ್ಳಿದರೆ ಸುಕ್ಕು ಏಳುತ್ತದಲ್ಲ, ಹಾಗೆ. ಇಲ್ಲಿ ಗೋಡೆ ಏಷ್ಯಾ, ತಳ್ಳಿದ್ದು ನಾವು. ನಡುವೆ ಟೆಥಿಸ್ ಅನ್ನುವ ಸಮುದ್ರವಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತವನ್ನು ಹೊತ್ತ ಭೂಫಲಕ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಹೋಗಿ ಏಷ್ಯಾಕ್ಕೆ ಗುದ್ದಿದಾಗ ಆ ಸಮುದ್ರ ಮುಚ್ಚಿಹೋಯಿತು, ಅದರ ತಳದ ಕೆಸರೆಲ್ಲ ಸುಕ್ಕುಗಟ್ಟಿ ಮೇಲೆದ್ದಿತು. ತಳ್ಳುವುದು ಇನ್ನೂ ನಿಂತಿಲ್ಲ, ವರ್ಷಕ್ಕೆ 4–5 ಸೆಂಟಿಮೀಟರ್.

ನಮ್ಮ ಉಡುಪಿ ಕಡೆ ಇಂಥದ್ದೊಂದು ಬಂಡೆ ಇದ್ದರೂ ಎರಡು ಮಳೆಗಾಲದಲ್ಲಿ ಹಸಿರು ಮುಚ್ಚಿಬಿಡುತ್ತದೆ. ಮುಂಗಾರಿನ ಮೋಡ ದಕ್ಷಿಣದ ಶಿಖರಗಳನ್ನು ದಾಟಿ ಸ್ಪಿತಿಗೆ ಬರುವುದೇ ಕಡಿಮೆ. ಮರ ಇಲ್ಲ, ಮಣ್ಣೂ ಅಷ್ಟಕ್ಕಷ್ಟೆ. ಪದರಗಳೆಲ್ಲ ಬರಿಮೈಯಲ್ಲಿ ನಿಂತಿವೆ.

ಲಾಂಗ್ಜಾ ಸುಮಾರು 4,400 ಮೀಟರ್ ಎತ್ತರದ ಪುಟ್ಟ ಹಳ್ಳಿ. ದೊಡ್ಡ ಬುದ್ಧನ ಮೂರ್ತಿ, ಹಿಂದೆ ಚೌ ಚೌ ಕಾಂಗ್ ನಿಲ್ಡಾ ಶಿಖರ. ಹೆಸರು ಕೇಳಿ ನನಗೆ ನೆನಪಾದದ್ದು ಚೌಚೌ ಬಾತ್. ಹಸಿವು, ಏನು ಮಾಡೋದು.

ಊರ ಹುಡುಗನೊಬ್ಬ ಕಪ್ಪು ಇಳಿಜಾರಿಗೆ ಕರೆದುಕೊಂಡು ಹೋದ. ಕಾಲಿಟ್ಟರೆ ಕಲ್ಲು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇದೇ ಸ್ಪಿತಿ ಶೇಲ್, ಸುಮಾರು 15 ಕೋಟಿ ವರ್ಷ ಹಳೆಯ ಸಮುದ್ರದ ಕೆಸರು. ಅದರ ನಡುವೆ ನಿಂಬೆಹಣ್ಣಿನ ಗಾತ್ರದ ಕರಿ ಉಂಡೆಗಳು. ಸತ್ತ ಜೀವಿಯ ಸುತ್ತ ಕೆಸರು ಗಟ್ಟಿಯಾಗಿ ಆದವು. ಸುತ್ತಲಿನ ಮೆದು ಕಲ್ಲು ಉದುರಿದ ಮೇಲೂ ಇವು ಉಳಿಯುತ್ತವೆ. ಹುಡುಗ ಮೊದಲೇ ಒಡೆದಿದ್ದ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿ ಬಿಡಿಸಿದ.

ಒಳಗೆ ಚಕ್ರ. ಸುರುಳಿ ಸುತ್ತಿದ ಚಿಪ್ಪು, ಅದರ ಮೇಲೆ ಸಣ್ಣ ಸಣ್ಣ ಗೀರು.

ನಾನು ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿದ್ದಲ್ಲ, ದಿನಾ ನೋಡಿದ್ದೇನೆ! ನಮ್ಮ ದೇವರ ಕೋಣೆಯ ತಾಮ್ರದ ತಟ್ಟೆಯಲ್ಲಿ. ಅಪ್ಪ ಅಭಿಷೇಕ ಮಾಡುವ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯದು. ಅದೂ ಇದೇ ಸಮುದ್ರದ ಇಂಥದ್ದೇ ಕೆಸರು. ಒಳಗಿದ್ದದ್ದು ಅಮೋನೈಟ್, ಆಕ್ಟೋಪಸ್‌ನ ದೂರದ ನೆಂಟ. ಡೈನೋಸಾರ್‌ಗಳ ಜೊತೆಗೇ ಇವುಗಳ ಕಾಲವೂ ಮುಗಿಯಿತು.

ಉಂಡೆಯನ್ನು ಇದ್ದಲ್ಲೇ ಇಟ್ಟು ಬಂದೆ. ಬಂದವರೆಲ್ಲ ಒಂದೊಂದು ಜೇಬಿಗೆ ಹಾಕಿಕೊಂಡರೆ ಇಳಿಜಾರಲ್ಲಿ ಉಳಿಯುವುದೇನು? ಜೇಬಿಗೆ ಕೈ ಹೋಗಲೇ ಇಲ್ಲ ಅಂದರೆ ಮಾತ್ರ ಸುಳ್ಳು.

ಸಂಜೆ ಕಾಜಾದಲ್ಲಿ ಸಿಗ್ನಲ್ ಸಿಕ್ಕಿದ್ದೇ ಅಪ್ಪನಿಗೆ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು.

"ತಂದೆಯಾ?"

"ಇಲ್ಲಪ್ಪ. ಅಲ್ಲೇ ಇಟ್ಟೆ."

"ಒಳ್ಳೇದಾಯ್ತು. ಒಂದು ಉದ್ಧರಣೆ ನೀರಾದ್ರೂ ಹಾಕಿದ್ಯಾ?"

ಬಾಟಲಿ ನೀರನ್ನೆಲ್ಲ ತಲೆನೋವಿಗೆ ಅಂತ ನಾನೇ ಕುಡಿದು ಮುಗಿಸಿದ್ದೆ.